ಎಂಟರ್ ಒತ್ತುವ ಮುನ್ನ

ಕಲಬುರಗಿ, ಸೇಡಂ ರಸ್ತೆಯ ಆಸ್ಪತ್ರೆ,
ಮೇ ತಿಂಗಳ ರಾತ್ರಿ ಹನ್ನೊಂದೂವರೆ.
ಹೊರಗೆ ಶಹಾಬಾದ ಪರಸಿಯ ಮೆಟ್ಟಿಲು
ಹಗಲು ಪಡೆದ ಕಾವಿನ ಸಾಲವನ್ನು
ಚಿಲ್ಲರೆ ಚಿಲ್ಲರೆಯಾಗಿ ತೀರಿಸುತ್ತಿದೆ.
ಒಳಗೆ ಮೂರನೇ ಸರ್ವರಿನ ಎಂಟು ಫ್ಯಾನು
ಒಟ್ಟಿಗೇ ಕಿರುಚುತ್ತಿವೆ.

"ಇದಕ್ಕೇನ್ ದೆವ್ವ ಬಡಿದದೇನ್ರಿ ಮೇಡಂ?"
ಬಾಗಿಲಲ್ಲಿ ಸೈಬಣ್ಣ, ಕೈಯಲ್ಲಿ ಬ್ಯಾಟರಿ,
ಹೆಗಲ ಮೇಲೆ ಒದ್ದೆ ಟವೆಲು.

ದೆವ್ವ ಅಲ್ಲ ಸೈಬಣ್ಣ.
ಇದರ ಹೊಟ್ಟೆಯೊಳಗೆ ಉಗುರಿನಷ್ಟು ಚಿಪ್ ಒಂದಿದೆ.
ದೊಡ್ಡ ಯಂತ್ರ ಮಲಗಿದರೂ ಅದು ಮಲಗುವಂತಿಲ್ಲ.
ಎಷ್ಟು ಶಾಖ, ಎಷ್ಟು ವೋಲ್ಟು, ಯಾವ ಫ್ಯಾನು ಎಷ್ಟು ಸುತ್ತು,
ಬರೆದಿಡುತ್ತ ಕೂತಿರಬೇಕು.
ನಿನ್ನ ಹಾಗೆಯೇ. ರಿಜಿಸ್ಟರು, ರಾತ್ರಿ ಪಾಳಿ.
ಈಗ ಅದಕ್ಕೆ ಮಂಕು ಕವಿದಿದೆ,
ಕೂಗಿದರೆ ಓ ಅನ್ನುವುದಿಲ್ಲ.
ಕಾವು ಎಷ್ಟೆಂದು ಹೇಳುವವರಿಲ್ಲದೆ ಫ್ಯಾನುಗಳು
ಊರಿಗೇ ಬೆಂಕಿ ಬಿದ್ದಂತೆ ಓಡುತ್ತಿವೆ.

"ಹಂಗಾರ ನಾ ತೂಕಡಿಸಿದ್ರ ನೀವೂ ಹಿಂಗ ಓಡ್ತೀರೇನ್ರಿ?"
ಅಂದು ತಾನೇ ನಕ್ಕ.

ಪ್ಲಗ್ಗು ಕಿತ್ತರೆ ಎರಡು ನಿಮಿಷದ ಕೆಲಸ.
ಆದರೆ ಮಹಡಿಯ ಮೇಲೆ ಲ್ಯಾಬಿನ ಪ್ರಿಂಟರು
ಇದೇ ಸರ್ವರಿನಿಂದ ಒಂದೊಂದೇ ಚೀಟಿ ಎಳೆದುಕೊಳ್ಳುತ್ತಿದೆ:
ಆಳಂದದ ಬಾಣಂತಿಯ ರಕ್ತದ ಗುಂಪು,
ಜೇವರ್ಗಿಯಿಂದ ಬಂದ, ಹಾವು ಕಚ್ಚಿದ ಹುಡುಗನ
ರಕ್ತ ಹೆಪ್ಪುಗಟ್ಟಲು ಹಿಡಿದ ನಿಮಿಷಗಳು.
ಒಲೆ ಆರಬಾರದು.
ಬಾಗಿಲಲ್ಲಿ ಒರಗಿದವನನ್ನಷ್ಟೇ ಎಬ್ಬಿಸಬೇಕು.

ನೆಟ್‌ವರ್ಕಿನ ಮುಂಬಾಗಿಲು ತೆರೆಯಲಿಲ್ಲ.
ಸರ್ವರಿನೊಳಗೇ ಕೂತು ಹಿತ್ತಿಲಿನಿಂದ ಕರೆದೆ,
ಮೊದಲು ಮೆತ್ತಗೆ, ಭುಜ ತಟ್ಟಿದಂತೆ: ಎಂಸಿ ರೀಸೆಟ್ ವಾರ್ಮ್.
ಉತ್ತರವಿಲ್ಲ.
ಹಾಗಾದರೆ ಮುಖಕ್ಕೆ ತಣ್ಣೀರು.

ಇಲ್ಲಿ ನನ್ನ ಬೆರಳು ನಿಲ್ಲುತ್ತದೆ.
ಎಂಸಿ ಅನ್ನುವಲ್ಲಿ ಚಾಸಿಸ್ ಪವರ್ ಎಂದು ಬರೆದರೂ
ಮುಂದಿನ ಪದ ಅದೇ ರೀಸೆಟ್,
ಒಲೆಗೇ ನೀರು ಸುರಿದಂತೆ.
ಕೆಲಸ ಕಲಿಸಿದ ಜುಬೇದಾ ಮೇಡಂ
ಮೊದಲ ವಾರವೇ ಹೇಳಿದ್ದರು:
"ಎಂಟರ್ ಒತ್ತೋಕಿಂತ ಮುಂಚೆ ಬಾಯಿಬಿಟ್ಟು ಓದು.
ಕಣ್ಣು ಸುಳ್ಳು ಹೇಳ್ತದ, ಕಿವಿ ಹೇಳೂದಿಲ್ಲ."
ಅವರಿಗೆ ಒಮ್ಮೆ ಕಣ್ಣು ಸುಳ್ಳು ಹೇಳಿತ್ತಂತೆ.
ಎಲ್ಲಿ, ಯಾವಾಗ, ನಾನು ಕೇಳಲಿಲ್ಲ.

ಓದಿದೆ, ಫ್ಯಾನಿನ ಸದ್ದು ಮೀರಿ, ಒಂದೊಂದೇ ಪದ:
ಐಪಿಎಂಐ ಟೂಲ್. ಎಂಸಿ. ರೀಸೆಟ್. ಕೋಲ್ಡ್.
ತಿರುಗಿದರೆ ಸೈಬಣ್ಣ ಚಪ್ಪಲಿ ಬಿಟ್ಟು
ಕೈ ಜೋಡಿಸಿ ನಿಂತಿದ್ದ.

ಒತ್ತಿದೆ.

ಮೊದಲು ಏನೂ ಆಗಲಿಲ್ಲ.
ಆಮೇಲೂ ಏನೂ ಆಗಲಿಲ್ಲ.
ಸೈಬಣ್ಣ ಮೆಟ್ಟಿಲೇರಿ ನೋಡಿ ಬಂದ, ಏದುಸಿರು:
"ಚೀಟಿ ಬರ್ಲಿಕತ್ತಾವ್ರಿ."
ಮೂರನೇ ನಿಮಿಷಕ್ಕೆ ಫ್ಯಾನುಗಳ ದನಿ ಇಳಿಯಿತು,
ಹಟ ಹಿಡಿದ ಕೂಸು ಬಿಕ್ಕಿ ಬಿಕ್ಕಿ ಸುಮ್ಮನಾದಂತೆ.
ಗೋಡೆಯ ಮೇಲೊಂದು ಹಲ್ಲಿ ಇದೆಯೆಂದು
ಆಗ ಕಿವಿಗೆ ಗೊತ್ತಾಯಿತು.

ಲಾಗ್ ತೆರೆದೆ. ಎದ್ದ ಕೂಡಲೇ ಅದು ಬರೆದ ಸಾಲು:
ಜನವರಿ ಒಂದು, ಸಾವಿರದ ಒಂಬೈನೂರ ಎಪ್ಪತ್ತು.
"ಇದೇನ್ರಿ, ಎಪ್ಪತ್ತು?"
ಇವತ್ತಿನ ತಾರೀಖು ಮರೆತಿದೆ ಸೈಬಣ್ಣ.
ಗೊತ್ತಿಲ್ಲದಾಗ ಇದೊಂದನ್ನೇ ಬರೆಯುತ್ತದೆ.

ಅವನು ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದ.
"ನಂದು ಜೂನ್ ಒಂದು, ಎಪ್ಪತ್ತು.
ನಮ್ಮವ್ವಗ ತೊಗರಿ ರಾಶಿ ನಡೆದಿತ್ತು ಅಂಬೋದಷ್ಟೇ ನೆನಪು.
ಹೆಡ್‌ಮಾಸ್ತರು ಕೇಳಿದ್ರು, ಸುಮ್ಮ ನಿಂತೆ, ಬರೆದುಬಿಟ್ರು.
ನಮ್ಮ ಸಾಲ್ಯಾಗ ಹದಿನಾಕ ಮಂದೀದು ಜೂನ್ ಒಂದೇ."

ತೊಗರಿ ರಾಶಿ ಜೂನಿನಲ್ಲಿ ನಡೆಯುವುದಿಲ್ಲ.
ಅದು ಇಬ್ಬರಿಗೂ ಗೊತ್ತು.
ಜನವರಿಯ ಆ ಸಾಲು ಪರದೆಯ ಮೇಲೆ ಹಾಗೇ ಇತ್ತು.

ಗಡಿಯಾರ ತಿದ್ದುವ ಆಜ್ಞೆ ಟೈಪಿಸಿದೆ:
ಸೆಲ್ ಟೈಮ್ ಸೆಟ್ ನೌ.
ಬೆರಳು ಎಂಟರಿನ ಮೇಲಿತ್ತು.

"ಓದ್ರಿ," ಅಂದ ಸೈಬಣ್ಣ.
"ಜೋರಾಗಿ ಓದ್ರಿ ಮೇಡಂ."